ಓದುಗರ ಪ್ರಶ್ನೆಗೆ ಉತ್ತರ: ಇಂಗ್ಲೆಂಡಿನ ಶಾಲಾ ಗವರ್ನರ್‌ಗಳು ಯಾರು, ಏಕೆ ಬರುತ್ತಾರೆ?

ಈ ತಿಂಗಳ ಅಂಚೆಯಲ್ಲಿ ಇಂಗ್ಲೆಂಡಿನ ಶಾಲಾ ಗವರ್ನರ್‌ಗಳ ಬಗ್ಗೆಯೇ ನಾಲ್ಕು ಪತ್ರಗಳು ಬಂದಿರುವುದರಿಂದ ಅಂಕಣವನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಅಲ್ಲಿನ ಪ್ರಾಥಮಿಕ ಶಾಲೆಯೊಂದರ ಆಡಳಿತ ಮಂಡಳಿಯಲ್ಲಿ ಎಂಟು ವರ್ಷ ಇದ್ದವಳಾದ್ದರಿಂದ ಕೆಲವು ಮಾತುಗಳನ್ನು ಅನುಭವದಿಂದಲೇ ಹೇಳಬಲ್ಲೆ. ಗವರ್ನರ್ ಎಂದೊಡನೆ ನಮಗೆ ರಾಜಭವನ ನೆನಪಾಗುತ್ತದೆ. ಇಲ್ಲಿ ಆ ಪದಕ್ಕೆ ಶಾಲೆಯ ಆಡಳಿತ ಮಂಡಳಿಯ ಸದಸ್ಯ ಎಂದಷ್ಟೇ ಅರ್ಥ. ಆಡಳಿತ ಮಂಡಳಿ ಎಂಬ ಮಾತೂ ಸ್ವಲ್ಪ ದಾರಿ ತಪ್ಪಿಸಬಹುದು. ನಮ್ಮಲ್ಲಿ ಆ ಹೆಸರು ಸಾಮಾನ್ಯವಾಗಿ ಖಾಸಗಿ ವಿದ್ಯಾಸಂಸ್ಥೆಯನ್ನು ಕಟ್ಟಿ ನಡೆಸುವವರಿಗೆ ಸಲ್ಲುತ್ತದೆ. ಇಂಗ್ಲೆಂಡಿನ ಸರ್ಕಾರಿ ಹಣದ ಶಾಲೆಗಳಲ್ಲಿ ಗವರ್ನರ್‌ಗಳು ಒಡೆಯರೂ ಅಲ್ಲ, ಸಂಬಳ ಪಡೆಯುವವರೂ ಅಲ್ಲ.

ಪ್ರಶ್ನೆ: ನಾವು ಲೀಡ್ಸ್‌ಗೆ ಬಂದು ಮೂರು ವರ್ಷವಾಯಿತು. ಮಗಳು ಹತ್ತಿರದ ಪ್ರಾಥಮಿಕ ಶಾಲೆಗೆ ಹೋಗುತ್ತಾಳೆ. ಪೋಷಕ ಗವರ್ನರ್ ಸ್ಥಾನವೊಂದು ತೆರವಾಗಿದೆ, ಆಸಕ್ತಿಯಿದ್ದವರು ಹೆಸರು ಕೊಡಬಹುದು ಎಂದು ಶಾಲೆಯಿಂದ ಪತ್ರ ಬಂದಿದೆ. ನಾನು ಊರಿನಲ್ಲಿ ಒಂಬತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಈಗ ಮನೆಯಲ್ಲಿದ್ದೇನೆ. ಆ ಮಂಡಳಿಗೆ ಬರುವವರು ಎಂಥವರು? ವಕೀಲರು, ದೊಡ್ಡ ಅಧಿಕಾರಿಗಳ ನಡುವೆ ನನ್ನಂಥವಳಿಗೆ ಏನು ಕೆಲಸ?
— ಒಬ್ಬ ತಾಯಿ, ಲೀಡ್ಸ್

ಉತ್ತರ: ತಾಯೀ, ನಿಮ್ಮ ಪತ್ರದ ಕೊನೆಯ ಸಾಲನ್ನು ನಾನೂ ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಶಾಲಾ ಗವರ್ನರ್‌ಗಳಾಗಿ ಅಥವಾ ಕೌನ್ಸಿಲ್ ಬದಲು ಟ್ರಸ್ಟ್ ನಡೆಸುವ ಅಕಾಡೆಮಿ ಶಾಲೆಗಳ ಟ್ರಸ್ಟಿಗಳಾಗಿ ಸ್ವಯಂಸೇವೆ ಸಲ್ಲಿಸುತ್ತಿದ್ದಾರೆ. ಇಷ್ಟು ದೊಡ್ಡ ಸಂಖ್ಯೆಯನ್ನು ವಕೀಲರಿಂದಲೂ ಅಧಿಕಾರಿಗಳಿಂದಲೂ ತುಂಬಿಸಲು ಯಾವ ದೇಶಕ್ಕೂ ಆಗದು.

ಸ್ಥಳೀಯ ಕೌನ್ಸಿಲ್ ನೋಡಿಕೊಳ್ಳುವ ಶಾಲೆಗಳ ಮಂಡಳಿ ಹೇಗಿರಬೇಕೆಂದು 2012ರ ನಿಯಮಾವಳಿ ಹೇಳುತ್ತದೆ. ಕನಿಷ್ಠ ಏಳು ಜನರಿರಬೇಕು. ಅವರಲ್ಲಿ ಮುಖ್ಯ ಶಿಕ್ಷಕರು, ಸಿಬ್ಬಂದಿ ಆರಿಸಿದ ಒಬ್ಬರು, ಕೌನ್ಸಿಲ್ ಸೂಚಿಸಿದ ಒಬ್ಬರು, ಪೋಷಕರಲ್ಲಿ ಕನಿಷ್ಠ ಇಬ್ಬರು ಇರಬೇಕು. ಚರ್ಚ್‌ಗೆ ಸೇರಿದ ಶಾಲೆಗಳಲ್ಲಿ ಚರ್ಚ್ ಕಳಿಸಿದವರೂ ಇರುತ್ತಾರೆ. ಉಳಿದ ಸ್ಥಾನಗಳಿಗೆ ತಮ್ಮಲ್ಲಿ ಯಾವ ತಿಳಿವಳಿಕೆಯ ಕೊರತೆಯಿದೆಯೋ ಅದನ್ನು ತುಂಬಬಲ್ಲವರನ್ನು ಮಂಡಳಿಯೇ ಹೊರಗಿನಿಂದ ಆರಿಸಿಕೊಳ್ಳುತ್ತದೆ. ಹದಿನೆಂಟು ವರ್ಷ ತುಂಬಿರಬೇಕು, ಅಪರಾಧ ಹಿನ್ನೆಲೆಯ ಪರಿಶೀಲನೆ ಆಗಬೇಕು, ದಿವಾಳಿಯಂಥ ಕೆಲವು ಅನರ್ಹತೆಗಳು ಇರಬಾರದು. ಪದವಿಯಾಗಲಿ, ಪಾಠ ಹೇಳಿದ ಅನುಭವವಾಗಲಿ, ಬ್ರಿಟಿಷ್ ಪೌರತ್ವವಾಗಲಿ ಷರತ್ತಲ್ಲ. ಒಂದು ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ.

ನಮ್ಮ ಮಂಡಳಿಯಲ್ಲಿ ಹನ್ನೆರಡು ಜನರಿದ್ದೆವು. ಕೌನ್ಸಿಲ್‌ನ ಲೆಕ್ಕಪತ್ರ ವಿಭಾಗದವರೊಬ್ಬರು, ಆಸ್ಪತ್ರೆಯ ನರ್ಸ್ ಒಬ್ಬರು, ಕಟ್ಟಡಗಳ ಸರ್ವೇಯರ್ ಒಬ್ಬರು, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರೊಬ್ಬರು. ಸಭೆ ಸೇರುತ್ತಿದ್ದುದು ಸಂಜೆ ಆರು ಗಂಟೆಗೆ, ಆರು ವರ್ಷದ ಮಕ್ಕಳ ತರಗತಿಯ ಕೋಣೆಯಲ್ಲಿ. ಆ ಮಕ್ಕಳ ಕುರ್ಚಿಗಳ ಮೇಲೆಯೇ ಕುಳಿತು, ಮೊಣಕಾಲುಗಳು ಎದೆಯ ಮಟ್ಟಕ್ಕೆ ಬಂದಿದ್ದರೂ, ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡು ಲಕ್ಷಗಟ್ಟಲೆ ಪೌಂಡ್‌ಗಳ ಆಯವ್ಯಯವನ್ನು ಚರ್ಚಿಸುತ್ತಿದ್ದೆವು. ಒಂದು ಸಂಜೆ ಹಾಜರಾತಿಯ ವರದಿ ಮುಂದಿತ್ತು. ಬೆಳಿಗ್ಗೆ ತಡವಾಗಿ ಬರುವ ಮಕ್ಕಳ ಸಂಖ್ಯೆ ಒಂದೇ ಶಾಲಾ ಟರ್ಮಿನಲ್ಲಿ ಏರಿದ್ದಕ್ಕೆ ಮನೆಯವರ ಅಲಕ್ಷ್ಯವೇ ಕಾರಣವೆಂಬ ಧ್ವನಿ ವರದಿಯಲ್ಲಿತ್ತು. ನಾವು ಓದುಬಲ್ಲವರೆಲ್ಲ ಪೋಷಕರಿಗೆ ಬರೆಯಬೇಕಾದ ಪತ್ರದ ಒಕ್ಕಣೆಯ ಬಗ್ಗೆ ಮಾತಾಡತೊಡಗಿದೆವು. ಬಸ್ಸು ಓಡಿಸುತ್ತಿದ್ದ ಹಿರಿಯರು ಮಾತ್ರ, ಆ ಮಕ್ಕಳು ಯಾವ ಬಡಾವಣೆಯಿಂದ ಬರುತ್ತಾರೆ ಎಂದು ಕೇಳಿದರು. ಉತ್ತರ ಸಿಕ್ಕಿದ ಮೇಲೆ, ಆ ದಾರಿಯ ಬೆಳಗಿನ ಬಸ್ಸಿನ ವೇಳೆಯನ್ನು ಶರತ್ಕಾಲದಲ್ಲಿ ಬದಲಿಸಿದ್ದಾರೆ, ಈಗಿನ ಬಸ್ಸು ಶಾಲೆಯ ಗಂಟೆ ಬಾರಿಸಿ ಏಳು ನಿಮಿಷಕ್ಕೆ ನಿಲ್ದಾಣ ತಲುಪುತ್ತದೆ ಎಂದರು. ಪತ್ರ ಹೋಗಲಿಲ್ಲ. ಮುಖ್ಯ ಶಿಕ್ಷಕರು ಬೆಳಗಿನ ಉಪಾಹಾರದ ಕೂಟಕ್ಕೆ ಆ ಮಕ್ಕಳನ್ನು ಸೇರಿಸಿಕೊಂಡು ಅದಕ್ಕಿಂತ ಮೊದಲಿನ ಬಸ್ಸಿಗೆ ಬರುವಂತೆ ಮಾಡಿದರು.

ಗವರ್ನರ್‌ಗೆ ಬೇಕಾದ ಹಿನ್ನೆಲೆ ಎಂಬ ಮಾತಿಗೆ ನಾನು ಕೊಡುವ ಅರ್ಥ ಇದು. ಶಾಲೆ ನಡೆಸುವುದನ್ನು ಬಲ್ಲ ಮುಖ್ಯ ಶಿಕ್ಷಕರು ಹೇಗೂ ಅಲ್ಲಿ ಇದ್ದೇ ಇರುತ್ತಾರೆ. ಶಾಲೆಯ ಕಾಂಪೌಂಡಿನ ಆಚೆ ಆ ಮಕ್ಕಳ ಬದುಕು ಹೇಗೆ ನಡೆಯುತ್ತದೆ ಎಂದು ಬಲ್ಲವರು ಮಂಡಳಿಗೆ ಬೇಕು. ಗವರ್ನರ್‌ಗಳ ರಾಷ್ಟ್ರೀಯ ಸಂಘ ವರ್ಷವರ್ಷ ನಡೆಸುವ ಸಮೀಕ್ಷೆಗಳು ಒಂದು ಕೊರತೆಯನ್ನು ಮತ್ತೆ ಮತ್ತೆ ತೋರಿಸುತ್ತ ಬಂದಿವೆ. ಉತ್ತರಿಸಿದವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನ ಬಿಳಿಯರು. ನಲವತ್ತು ವರ್ಷದ ಒಳಗಿನವರು ಹತ್ತರಲ್ಲಿ ಒಬ್ಬರ ಆಸುಪಾಸು. ತರಗತಿಗಳಲ್ಲಿ ಕುಳಿತ ಮಕ್ಕಳ ಮುಖಗಳಿಗೂ ಮಂಡಳಿಯಲ್ಲಿ ಕುಳಿತವರ ಮುಖಗಳಿಗೂ ಇಷ್ಟು ಅಂತರವಿರುವುದು ನನಗೆ ನೋವಿನ ಸಂಗತಿ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಎಂಬ ಮಗುವಿನ ಪಾಡು ಏನೆಂದು ನಿಮಗೆ ಯಾರೂ ವಿವರಿಸಬೇಕಾಗಿಲ್ಲ. ಆಯವ್ಯಯದ ಹಾಳೆ ಓದಲು ಬ್ಯಾಂಕಿನ ಒಂಬತ್ತು ವರ್ಷ ಸಾಕು. ಮೊದಲ ಸಭೆಗಳಲ್ಲಿ ನಿಮ್ಮನ್ನು ಕಂಗೆಡಿಸುವುದು ಇಂಗ್ಲಿಷ್ ಅಲ್ಲ, ಮೂರು ನಾಲ್ಕು ಅಕ್ಷರಗಳ ಸಂಕ್ಷೇಪಗಳು. ಅವುಗಳ ಪಟ್ಟಿಯನ್ನು ಮಂಡಳಿಯ ಕ್ಲರ್ಕ್ ಬಳಿ ಮೊದಲ ದಿನವೇ ಕೇಳಿ ಪಡೆದುಕೊಳ್ಳಿ. ಹೆಸರು ಕೊಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸಭೆಗಳಲ್ಲಿ ವರ್ಷಗಟ್ಟಲೆ ಕುಳಿತವನು. ಲಂಡನ್ ಬಳಿ ಇರುವ ಮಗ ಒಂದು ಶಾಲೆಗೆ ಗವರ್ನರ್ ಆಗಿದ್ದಾನೆ. ಅವನಿಗೆ ಇನ್ನೂ ಮಕ್ಕಳಿಲ್ಲ, ಆ ಶಾಲೆಯ ಪರಿಚಯವೂ ಮೊದಲು ಇರಲಿಲ್ಲ. ಸಂಬಳವಿಲ್ಲ, ಗೌರವಧನವೂ ಇಲ್ಲವಂತೆ. ತನ್ನ ಮಗು ಓದದ ಶಾಲೆಯ ಬಗ್ಗೆ ಒಬ್ಬನಿಗೆ ಇಷ್ಟು ಕಾಳಜಿ ಎಲ್ಲಿಂದ ಬರುತ್ತದೆ?
— ಒಬ್ಬ ಹಿರಿಯರು, ಶಿವಮೊಗ್ಗ ಜಿಲ್ಲೆ

ಉತ್ತರ: ಮೇಷ್ಟ್ರೇ, ನಿಮಗೆ ಅಚ್ಚರಿಯಾಗುವುದು ಸಹಜ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುತ್ತದೆ. ಮಗು ಶಾಲೆಯಲ್ಲಿರುವವರಿಗೆ ಶಾಲೆಯ ಮೇಲೆ ಹಕ್ಕು ಎಂಬುದು ಅದರ ಹಿಂದಿನ ವಿಚಾರ. ಇಂಗ್ಲೆಂಡಿನ ವ್ಯವಸ್ಥೆ ಪೋಷಕರಿಗೆ ಸ್ಥಾನ ಕೊಟ್ಟರೂ, ಶಾಲೆ ಇಡೀ ಊರಿನದು, ಹೊರಗಿನವರ ಕಣ್ಣೂ ಅದರ ಮೇಲಿರಬೇಕು ಎಂಬ ವಿಚಾರದ ಮೇಲೆ ನಿಂತಿದೆ.

ಅಲ್ಲಿ ಇದು ಒಂದೇ ದಿನದಲ್ಲಿ ಆದದ್ದಲ್ಲ. 1870ರ ಶಿಕ್ಷಣ ಕಾಯ್ದೆಯಿಂದ ಊರೂರಿಗೆ ಚುನಾಯಿತ ಶಾಲಾ ಮಂಡಳಿಗಳು ಬಂದವು. ಪಾರ್ಲಿಮೆಂಟಿಗೆ ಮತ ಹಾಕಲು ಮಹಿಳೆಯರು 1918ರವರೆಗೆ ಕಾಯಬೇಕಾಗಿದ್ದ ಆ ಕಾಲದಲ್ಲಿ, ಈ ಮಂಡಳಿಗಳಿಗೆ ಮಹಿಳೆಯರು ಸ್ಪರ್ಧಿಸಬಹುದಾಗಿತ್ತು. 1870ರಲ್ಲೇ ಎಲಿಜಬೆತ್ ಗ್ಯಾರೆಟ್ ಮತ್ತು ಎಮಿಲಿ ಡೇವಿಸ್ ಲಂಡನ್ ಶಾಲಾ ಮಂಡಳಿಗೆ ಆಯ್ಕೆಯಾದರು. ಆಮೇಲಿನ ಕಾಲದಲ್ಲಿ ಗವರ್ನರ್ ಸ್ಥಾನಗಳು ಬಹುಮಟ್ಟಿಗೆ ಸ್ಥಳೀಯ ಕೌನ್ಸಿಲ್‌ಗಳ ಕೈಗೆ ಹೋದವು. 1970ರ ದಶಕದ ನಡುವೆ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿದ್ದ ವಿಲಿಯಂ ಟಿಂಡೇಲ್ ಶಾಲೆಯಲ್ಲಿ ಬೋಧನೆಯ ವಿಧಾನದ ಬಗ್ಗೆ ಶಿಕ್ಷಕರಿಗೂ ಶಾಲೆಯ ಮ್ಯಾನೇಜರ್‌ಗಳಿಗೂ (ಪ್ರಾಥಮಿಕ ಶಾಲೆಯ ಗವರ್ನರ್‌ಗಳಿಗೆ ಆಗ ಇದ್ದ ಹೆಸರು) ಎದ್ದ ವಿವಾದ ವಿಚಾರಣೆಯವರೆಗೆ ಬೆಳೆದು, ಶಾಲೆಯ ಮೇಲೆ ಕೊನೆಯ ಮಾತು ಯಾರದು ಎಂಬ ಪ್ರಶ್ನೆಯನ್ನು ಇಡೀ ದೇಶದ ಮುಂದಿಟ್ಟಿತು. 1977ರಲ್ಲಿ ಟೇಲರ್ ಸಮಿತಿಯು ಕೌನ್ಸಿಲ್, ಸಿಬ್ಬಂದಿ, ಪೋಷಕರು ಮತ್ತು ಸ್ಥಳೀಯ ಸಮುದಾಯ ನಾಲ್ಕಕ್ಕೂ ಸಮಪಾಲು ಕೊಡಬೇಕೆಂದಿತು. 1980 ಮತ್ತು 1986ರ ಕಾಯ್ದೆಗಳು ಆ ದಾರಿಯಲ್ಲಿ ಸಾಗಿದವು. 1988ರ ಸುಧಾರಣಾ ಕಾಯ್ದೆ ಶಾಲೆಯ ಹಣವನ್ನು ಶಾಲೆಗೇ ವಹಿಸಿದ ಮೇಲಂತೂ ಗವರ್ನರ್ ಎಂಬುದು ಹೆಸರಿಗಷ್ಟೇ ಇರುವ ಗೌರವವಾಗಿ ಉಳಿಯಲಿಲ್ಲ. ಇಂದು ಮಂಡಳಿಯ ಮುಖ್ಯ ಹೊಣೆಗಳು ಮೂರು: ಶಾಲೆ ಎತ್ತ ಸಾಗಬೇಕೆಂದು ನಿಶ್ಚಯಿಸುವುದು, ಮಕ್ಕಳ ಕಲಿಕೆಯ ಬಗ್ಗೆ ಮುಖ್ಯ ಶಿಕ್ಷಕರಿಂದ ಉತ್ತರ ಕೇಳುವುದು, ಹಣ ಸರಿಯಾಗಿ ಖರ್ಚಾಗುತ್ತಿದೆಯೇ ಎಂದು ನೋಡುವುದು. ಮುಖ್ಯ ಶಿಕ್ಷಕರ ನೇಮಕವೂ ಮಂಡಳಿಯ ಕೈಯಲ್ಲೇ ಆಗುತ್ತದೆ. ಇಷ್ಟಕ್ಕೆ ಸಿಗುವುದು ಪ್ರಯಾಣ ಮುಂತಾದ ಕೈಖರ್ಚು ಮಾತ್ರ.

ಹಾಗಿದ್ದರೂ ಏಕೆ ಬರುತ್ತಾರೆ ಎಂಬುದು ನಿಮ್ಮ ಪ್ರಶ್ನೆ. ಕೇಳಿದರೆ ಹೆಚ್ಚಿನವರು, ಸಮಾಜದಿಂದ ಪಡೆದದ್ದನ್ನು ಒಂದಿಷ್ಟು ಹಿಂದಿರುಗಿಸಬೇಕು ಎನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ಅದು ಮೊದಲ ಭೇಟಿಯಲ್ಲಿ ಕೊಡುವ ಉತ್ತರ. ಜೊತೆಯಲ್ಲಿ ಮೂರು ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ಒಬ್ಬೊಬ್ಬರ ಒಳಗಿನ ಕಾರಣ ತಿಳಿಯುತ್ತದೆ. ನಮ್ಮ ನರ್ಸ್ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಮಕ್ಕಳನ್ನೇ ನೋಡಿ ನೋಡಿ, ಆರೋಗ್ಯವಾಗಿ ಓಡಾಡುವ ಮಕ್ಕಳ ನಡುವೆ ತಿಂಗಳಿಗೊಂದು ದಿನವಾದರೂ ಇರಬೇಕೆಂದು ಬಂದವರು. ಲೆಕ್ಕಪತ್ರದವರಿಗೆ ಕಚೇರಿಯಲ್ಲಿ ಶಾಲೆಗಳೆಂದರೆ ಬರೀ ಅಂಕಿಗಳು. ಆ ಅಂಕಿಗಳ ಹಿಂದೆ ಏನಿದೆ ಎಂದು ಒಂದು ಶಾಲೆಯಲ್ಲಾದರೂ ಕಣ್ಣಾರೆ ನೋಡಬೇಕಿತ್ತು. ನಿವೃತ್ತಿಯ ನಂತರ ಮನೆಯಲ್ಲಿ ಹೊತ್ತು ಹೋಗದೆ ಬಂದವರೂ ಇದ್ದರು, ಅದರಲ್ಲಿ ನಾಚಿಕೆಪಡಬೇಕಾದ್ದೇನೂ ಇಲ್ಲ.

ಸರ್ವೇಯರ್ ಅವರ ಕಾರಣ ನನಗೆ ತಿಳಿದದ್ದು ಆರನೆಯ ವರ್ಷದಲ್ಲಿ. ಅಲ್ಲಿ ಮುಖ್ಯ ಶಿಕ್ಷಕರು ಮಗುವೊಂದನ್ನು ಶಾಲೆಯಿಂದ ಶಾಶ್ವತವಾಗಿ ಹೊರಗಿಟ್ಟರೆ, ಹದಿನೈದು ಶಾಲಾ ದಿನಗಳೊಳಗೆ ಗವರ್ನರ್‌ಗಳು ಕುಳಿತು, ಪೋಷಕರ ಮಾತನ್ನೂ ಕೇಳಿ, ಮಗುವನ್ನು ಮರಳಿ ಸೇರಿಸಿಕೊಳ್ಳಬೇಕೇ ಎಂದು ತೀರ್ಮಾನಿಸಬೇಕು. ಅಂಥ ಒಂದು ವಿಚಾರಣೆಯಲ್ಲಿ ನಾವು ಮೂವರಿದ್ದೆವು. ಒಳಗಿನ ಮಾತು ಹೊರಗೆ ಹೇಳುವಂತಿಲ್ಲ. ಮುಗಿದ ಮೇಲೆ ಮೆಟ್ಟಿಲಿನ ಬಳಿ ಅವರು ಹೇಳಿದ್ದನ್ನು ಅವರ ಒಪ್ಪಿಗೆಯಿಂದ ಹೇಳುತ್ತೇನೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದ್ದರಂತೆ. "ಆ ದಿನ ನನ್ನ ಅಮ್ಮ ಕೋಟು ಕೂಡ ಬಿಚ್ಚದೆ ಕಾರಿಡಾರಿನಲ್ಲಿ ನಿಂತೇ ಇದ್ದಳು. ಕುಳಿತುಕೊಳ್ಳಿ ಎಂದವರು ಯಾರೂ ಇರಲಿಲ್ಲ" ಎಂದರು. ಆಗ ನನಗೆ ನೆನಪಾಯಿತು: ವಿಚಾರಣೆ ಆರಂಭವಾಗುವ ಮೊದಲು ಆ ಹುಡುಗನ ತಾಯಿಗೆ ಕುರ್ಚಿ ಎಳೆದು ಕೊಟ್ಟು, ಕೋಟು ತೆಗೆದುಕೊಂಡು ಗೂಟಕ್ಕೆ ತೂಗುಹಾಕಿದವರು ಅವರೇ.

ನಿಮ್ಮ ಮಗನ ಒಳಗಿನ ಕಾರಣ ಏನೆಂದು ನಾನು ಹೇಗೆ ಹೇಳಲಿ? ಆದರೆ ಶಿಕ್ಷಕರ ಮನೆಯಲ್ಲಿ ಬೆಳೆದ ಹುಡುಗ ಅವನು. ರಾತ್ರಿ ಊಟವಾದ ಮೇಲೆ ಯಾರ ಮನೆಯ ಮಕ್ಕಳ ಉತ್ತರಪತ್ರಿಕೆಗಳನ್ನೋ ತಂದೆ ತಿದ್ದುತ್ತ ಕುಳಿತದ್ದನ್ನು ನೋಡಿರುತ್ತಾನೆ. ಮುಂದಿನ ಸಲ ಫೋನಿನಲ್ಲಿ ಅವನನ್ನೇ ಕೇಳಿ.

ಪ್ರಶ್ನೆ: ನನ್ನ ಮಗನಿಗೆ ಓದಿನಲ್ಲಿ ತೊಂದರೆಯಿದೆ. ಶಾಲೆ ಸರಿಯಾದ ನೆರವು ಕೊಡುತ್ತಿಲ್ಲ, ಎಷ್ಟು ಹೇಳಿದರೂ ಕೇಳುತ್ತಿಲ್ಲ. ನಾನೇ ಗವರ್ನರ್ ಆದರೆ ಅವರು ಮಾತು ಕೇಳಲೇಬೇಕಲ್ಲವೇ?
— ಒಬ್ಬ ತಂದೆ, ಬರ್ಮಿಂಗ್‌ಹ್ಯಾಮ್

ಉತ್ತರ: ಇಲ್ಲ. ನಿಮ್ಮ ನೋವು ಅರ್ಥವಾಗುತ್ತದೆ, ಆದರೂ ಈ ಕಾರಣಕ್ಕೆ ಮಾತ್ರ ಹೋಗಬೇಡಿ. ಗವರ್ನರ್ ಒಬ್ಬರಿಗೇ ಯಾವ ಅಧಿಕಾರವೂ ಇಲ್ಲ; ತೀರ್ಮಾನಗಳೆಲ್ಲ ಇಡೀ ಮಂಡಳಿಯ ಹೆಸರಿನಲ್ಲಿ ಆಗುತ್ತವೆ. ನಿಮ್ಮ ಮಗನ ವಿಷಯ ಬಂದರೆ ಹಿತಾಸಕ್ತಿಯನ್ನು ಘೋಷಿಸಿ ನೀವೇ ಹೊರಗೆ ಹೋಗಬೇಕಾಗುತ್ತದೆ. ಅಲ್ಲಿನ ಸಾರ್ವಜನಿಕ ಹುದ್ದೆಗಳಿಗೆ 1995ರಲ್ಲಿ ನೋಲನ್ ಸಮಿತಿ ಹಾಕಿಕೊಟ್ಟ ಏಳು ತತ್ವಗಳಲ್ಲಿ ಮೊದಲನೆಯದು ನಿಸ್ವಾರ್ಥತೆ, ಅದು ಗವರ್ನರ್‌ಗಳಿಗೂ ಅನ್ವಯಿಸುತ್ತದೆ. ಪೋಷಕ ಗವರ್ನರ್ ಎಂದರೆ ಪೋಷಕರಲ್ಲಿ ಒಬ್ಬರು, ಯಾರದೋ ದೂರನ್ನು ಹೊತ್ತು ತರುವ ವಕೀಲರಲ್ಲ. ಮಗನ ವಿಷಯಕ್ಕೆ ಬೇರೆ ದಾರಿಯಿದೆ: ವಿಶೇಷ ಅಗತ್ಯಗಳ ಹೊಣೆ ಹೊತ್ತ ಶಿಕ್ಷಕರನ್ನು ಲಿಖಿತವಾಗಿ ಕೇಳಿ, ಆಮೇಲೆ ಮುಖ್ಯ ಶಿಕ್ಷಕರನ್ನು, ಅಲ್ಲಿಯೂ ಆಗದಿದ್ದರೆ ಶಾಲೆ ಪ್ರಕಟಿಸಿರುವ ದೂರಿನ ಕ್ರಮದಂತೆ ಮುಂದುವರಿಯಿರಿ.

ಇಷ್ಟು ಖಂಡಿತವಾಗಿ ಹೇಳಿದ ಮೇಲೆ ನನ್ನ ಮಾತನ್ನೂ ಮುಚ್ಚಿಡಬಾರದು. ನಾನು ಹೋದದ್ದೂ ನನ್ನ ಮಗನಿಗಾಗಿಯೇ. ಅವನಿಗೆ ಮಾತು ತಡವಾಗಿ ಬಂದಿತ್ತು, ವಾಕ್ ಚಿಕಿತ್ಸಕರಿಗಾಗಿ ತಿಂಗಳುಗಟ್ಟಲೆ ಕಾದಿದ್ದೆವು. ಮಂಡಳಿಯ ಎರಡನೆಯ ಸಭೆಯಲ್ಲಿ ಕೈಗೆ ಬಂದ ಹಾಳೆಯಲ್ಲಿ ಅದೇ ಚಿಕಿತ್ಸಕರಿಗಾಗಿ ಕಾಯುತ್ತಿರುವ ಮಕ್ಕಳ ಸಂಖ್ಯೆ ಹನ್ನೆರಡು ಎಂದಿತ್ತು. ಹೆಸರುಗಳಿರಲಿಲ್ಲ, ಇರುವಂತೆಯೂ ಇಲ್ಲ. ಆ ಹನ್ನೆರಡರಲ್ಲಿ ಒಂದು ನನ್ನದು, ಉಳಿದ ಹನ್ನೊಂದು ಮನೆಗಳಲ್ಲಿ ಹೀಗೆ ರಾತ್ರಿ ಕುಳಿತು ಪತ್ರ ಬರೆಯಬಲ್ಲವರು ಇದ್ದಾರೋ ಇಲ್ಲವೋ ಎಂಬ ಯೋಚನೆ ಬಂದ ಕ್ಷಣದಿಂದ ನಾನು ಸಭೆಗಳಿಗೆ ಹೋಗುವ ಕಾರಣ ಬೇರೆಯಾಯಿತು. ಮಗನ ವಿಷಯದಲ್ಲಿ ನಾನು ಮಂಡಳಿಯಲ್ಲಿ ಒಂದು ಮಾತೂ ಆಡಲಿಲ್ಲ. ಹನ್ನೆರಡು ಎಂಬ ಸಂಖ್ಯೆಯ ಬಗ್ಗೆ ಮಾತ್ರ ಪ್ರತಿ ಸಭೆಯಲ್ಲೂ ಕೇಳಿದೆ, ಬಡ ಮಕ್ಕಳಿಗಾಗಿ 2011ರಿಂದ ಸರ್ಕಾರ ಕೊಡುತ್ತಿರುವ ಹೆಚ್ಚುವರಿ ಹಣದಲ್ಲಿ ಎಷ್ಟು ಇದಕ್ಕೆ ಹೋಗುತ್ತಿದೆ ಎಂದು ಕೇಳಿದೆ. ಎರಡು ವರ್ಷದ ಮೇಲೆ ಶಾಲೆ ವಾರಕ್ಕೊಂದು ದಿನ ತನ್ನ ಖರ್ಚಿನಲ್ಲೇ ಚಿಕಿತ್ಸಕರನ್ನು ಕರೆಸತೊಡಗಿತು. ಅಷ್ಟು ಹೊತ್ತಿಗೆ ನನ್ನ ಮಗ ಆ ಶಾಲೆ ಬಿಟ್ಟು ಮುಂದಿನ ಶಾಲೆಗೆ ಹೋಗಿಯಾಗಿತ್ತು. ಮಗು ಶಾಲೆ ಬಿಟ್ಟರೂ ಪೋಷಕ ಗವರ್ನರ್ ತಮ್ಮ ಅವಧಿ ಮುಗಿಸಬಹುದು. ನಾನು ಮುಗಿಸಿದೆ, ಆಮೇಲೆ ಹೊರಗಿನ ಸದಸ್ಯೆಯಾಗಿ ಇನ್ನೊಂದು ಅವಧಿ ಉಳಿದೆ. ನಿಮ್ಮ ಮಗನ ವಿಷಯ ಒಂದು ದಡ ಸೇರಲಿ. ಅದಾದ ಮೇಲೂ ಹೋಗಬೇಕೆನಿಸಿದರೆ ಸಂಕೋಚವಿಲ್ಲದೆ ಹೋಗಿ.

ಪ್ರಶ್ನೆ: ನಾನು ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಉದ್ಯೋಗಿಗಳು ಶಾಲಾ ಗವರ್ನರ್ ಆಗುವುದನ್ನು ನಮ್ಮ ಕಂಪನಿ ಪ್ರೋತ್ಸಾಹಿಸುತ್ತದೆ. ಮಂಡಳಿಯ ಅನುಭವ ಮುಂದಿನ ಬಡ್ತಿಗೆ ನೆರವಾಗುತ್ತದೆ ಎಂಬ ಯೋಚನೆಯೂ ನನ್ನಲ್ಲಿದೆ. ಇದು ತಪ್ಪೇ?
— ಒಬ್ಬ ಯುವಕ, ರೆಡಿಂಗ್

ಉತ್ತರ: ತಪ್ಪಲ್ಲ, ಮುಚ್ಚಿಡಬೇಡಿ ಅಷ್ಟೇ. ಇಪ್ಪತ್ತೆಂಟು ಮೂವತ್ತರ ವಯಸ್ಸಿನಲ್ಲಿ ಇಡೀ ಸಂಸ್ಥೆಯೊಂದರ ಆಯವ್ಯಯ, ನೇಮಕಾತಿ, ನೀತಿಗಳನ್ನು ಕಲಿಯುವ ಅವಕಾಶ ಬೇರೆಲ್ಲಿಯೂ ಸುಲಭವಾಗಿ ಸಿಗದು, ಮಂಡಳಿಗಳಿಗೂ ನಿಮ್ಮ ವಯಸ್ಸಿನವರು ಬೇಕಾಗಿದ್ದಾರೆ. ನಾನು ಕಂಡಂತೆ ಯಾವ ಕಾರಣಕ್ಕೆ ಬಂದರು ಎಂಬುದಕ್ಕಿಂತ ಸಭೆಗೆ ಮೊದಲು ಕಾಗದಗಳನ್ನು ಓದಿಕೊಂಡು ಬಂದರೇ ಎಂಬುದರಿಂದಲೇ ಒಬ್ಬ ಗವರ್ನರ್ ಎಂಥವರೆಂದು ತಿಳಿಯುತ್ತದೆ. ಬಡ್ತಿಗಾಗಿ ಬಂದು, ಓದಿಕೊಂಡು, ಕಷ್ಟದ ಪ್ರಶ್ನೆಯನ್ನು ಸೌಜನ್ಯದಿಂದ ಕೇಳಿದವರಿದ್ದಾರೆ. ಸೇವೆಗಾಗಿ ಬಂದೆ ಎಂದು ಹೇಳಿ ಲಕೋಟೆಯನ್ನು ಸಭೆಯಲ್ಲೇ ಒಡೆದವರೂ ಇದ್ದಾರೆ. ನನಗೆ ಮೊದಲಿನವರೇ ಇಷ್ಟ.

ತಿಂಗಳಿಗೆ ಆರೇಳು ಗಂಟೆಯಾದರೂ ಎತ್ತಿಡಬೇಕಾಗುತ್ತದೆ, ಅಧ್ಯಕ್ಷರಾದರೆ ಅದಕ್ಕಿಂತ ಬಹಳ ಹೆಚ್ಚು. ಕೌನ್ಸಿಲ್ ಶಾಲೆಯ ಗವರ್ನರ್ ಆದ ಉದ್ಯೋಗಿಗೆ ಈ ಕೆಲಸಕ್ಕಾಗಿ ತಕ್ಕಷ್ಟು ಬಿಡುವು ಕೊಡಬೇಕೆಂದು 1996ರ ಉದ್ಯೋಗ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ; ಆ ಬಿಡುವಿಗೆ ಸಂಬಳ ಕೊಡಲೇಬೇಕೆಂದಿಲ್ಲ, ಕೊಡುವ ಕಂಪನಿಗಳೂ ಇವೆ, ಮೊದಲೇ ಕೇಳಿಕೊಳ್ಳಿ. ಶಾಲೆಗಳಿಗೂ ಸ್ವಯಂಸೇವಕರಿಗೂ ಸಂಪರ್ಕ ಕಲ್ಪಿಸುವ 'ಗವರ್ನರ್ಸ್ ಫಾರ್ ಸ್ಕೂಲ್ಸ್' ಎಂಬ ಸೇವಾಸಂಸ್ಥೆಯಿದೆ, ಅಲ್ಲಿ ಹೆಸರು ನೋಂದಾಯಿಸಬಹುದು. ಶಾಲೆಯನ್ನು ಆರಿಸುವಾಗ ಒಂದು ವಿನಂತಿ. ಹೆಸರಾಂತ ಶಾಲೆಗಳ ಮಂಡಳಿಗೆ ಜನ ತಾವಾಗಿಯೇ ಬರುತ್ತಾರೆ. ತೆರವಾದ ಸ್ಥಾನಗಳು ವರ್ಷಗಟ್ಟಲೆ ಖಾಲಿ ಉಳಿಯುವುದು ಊರಿನ ಬಡ ಭಾಗದ ಶಾಲೆಗಳಲ್ಲಿ. ಅಂಥ ಒಂದು ಶಾಲೆಗೆ ಅರ್ಜಿ ಹಾಕುವ ಮೊದಲು ಮುಖ್ಯ ಶಿಕ್ಷಕರ ಅನುಮತಿ ಕೇಳಿ, ರಜೆ ಹಾಕಿಯಾದರೂ ಶಾಲೆ ನಡೆಯುವ ದಿನವೇ ಹೋಗಿ, ಊಟದ ಬಿಡುವಿನ ಹೊತ್ತಿನಲ್ಲಿ ಒಂದು ಗಂಟೆ ಅಲ್ಲಿದ್ದು ಬನ್ನಿ.